ಮಂಗಳದ ಕೆಸರುಗಲ್ಲು, ಸಂಶಿಯ ಎರೆಮಣ್ಣು

ಮಂಗಳ ಗ್ರಹದಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತೇ ಎಂದು ಕೇಳುವ ಕಾಲ ಮುಗಿದಿದೆ. ಹರಿದಿತ್ತು. ಒಣಗಿದ ಹೊಳೆಗಳ ಪಾತ್ರವನ್ನು 1970ರ ದಶಕದಲ್ಲಿಯೇ ಮ್ಯಾರಿನರ್-9 ಮತ್ತು ವೈಕಿಂಗ್ ನೌಕೆಗಳು ಮೇಲಿನಿಂದ ಚಿತ್ರ ತೆಗೆದು ತೋರಿಸಿದ್ದವು. ಈಗಿನ ತಕರಾರು ಬೇರೆ. ಆ ನೀರು ಎಷ್ಟು ಕಾಲ ನಿಂತಿತ್ತು? ಹುಳಿಯಾಗಿತ್ತೋ ಸಿಹಿಯಾಗಿತ್ತೋ? ಮಳೆಯಾಗಿ ಬಂತೋ, ನೆಲದೊಳಗಿಂದ ಒಸರಿತೋ? ಒಂದೇ ಸಲ ಬಂದು ಆರಿಹೋಯಿತೋ, ಮತ್ತೆ ಮತ್ತೆ ಬಂದು ಹೋಗುತ್ತಿತ್ತೋ? ನೀರು ಕಾಣೆಯಾಗಿ ಕೋಟ್ಯಂತರ ವರ್ಷ ಕಳೆದರೂ ಅದು ಕಲ್ಲಿಗೆ ಮಾಡಿದ್ದು ಕಲ್ಲಿನಲ್ಲಿ ಉಳಿದಿರುತ್ತದೆ. ಆ ಕಲ್ಲಿನ ಹತ್ತಿರಕ್ಕೆ ಗಾಲಿಯ ಯಂತ್ರವನ್ನು ಕಳಿಸಿಯೇ ಓದಬೇಕೇ, ಇಲ್ಲವೇ ಕಕ್ಷೆಯಿಂದ ನೋಡಿದರೆ, ಭೂಮಿಗೆ ಬಿದ್ದ ಉಲ್ಕಾಶಿಲೆಗಳನ್ನು ಕೊಯ್ದು ಪರೀಕ್ಷಿಸಿದರೆ ಸಾಕೇ? ಒಂದು ರೋವರಿಗೆ ಇಪ್ಪತ್ತು ಸಾವಿರ ಕೋಟಿ ರೂಪಾಯಿಯಷ್ಟು ಹೋಗುವಾಗ ಈ ಪ್ರಶ್ನೆಯನ್ನು ಹಗುರಾಗಿ ಬಿಡುವಂತಿಲ್ಲ.

ಇದನ್ನು ಕುಂದಗೋಳ ತಾಲೂಕಿನ ಸಂಶಿಯಿಂದ ತೂಗಿ ನೋಡುವುದಕ್ಕೆ ಒಂದು ಕಾರಣವಿದೆ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲು ಕುಂದಗೋಳ ದಾಟಿ ಸಂಶಿಗೆ ಬರುವಷ್ಟರಲ್ಲಿ ಎರಡೂ ಬದಿಗೆ ಎರೆಹೊಲ ಹಬ್ಬಿಕೊಂಡಿರುತ್ತದೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡದ ಈ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಹಾಗೆ ಮಾಡಿಸುವುದು ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಖನಿಜ. ಅದರ ಸೂಕ್ಷ್ಮ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ.

ಇಲ್ಲಿಂದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಹೋಗಿ. ನೆಲ ಕೆಂಪಗಾಗುತ್ತದೆ, ಮಸಾರಿ ಶುರುವಾಗುತ್ತದೆ, ಬೇಸಿಗೆಯ ಆ ದೊಡ್ಡ ಸೀಳುಗಳು ಕಾಣುವುದಿಲ್ಲ. ಬುಡದ ಬಂಡೆ ಮಾತ್ರ ಎರಡೂ ಕಡೆ ಬಹುಮಟ್ಟಿಗೆ ಒಂದೇ ಕುಲದ್ದು. 250 ಕೋಟಿ ವರ್ಷಕ್ಕೂ ಹಳೆಯದಾದ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರು ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ. ಬಂಡೆ ಒಂದೇ, ಬೇರೆಯಾದದ್ದು ನೀರಿನ ನಡವಳಿಕೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಗೆ ಮಳೆ ಹೆಚ್ಚು, ನೀರು ಬಸಿದು ಹೋಗಲು ಇಳಿಜಾರೂ ಇದೆ. ಬಂಡೆ ಕರಗುವಾಗ ಬಿಡುಗಡೆಯಾದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ತೊಳೆದುಹೋಗಿ ಕೆಯೊಲಿನೈಟ್ ಎಂಬ ಉಬ್ಬದ ಜೇಡಿಯೂ ಕಬ್ಬಿಣದ ಕೆಂಪೂ ಹಿಂದುಳಿದವು. ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ಮಳೆ ಕಡಿಮೆ, ಬಿದ್ದ ನೀರು ಬೇಗ ಹೊರಗೆ ಹೋಗುವುದೂ ಇಲ್ಲ. ಅವೇ ಧಾತುಗಳು ಅಲ್ಲಿಯೇ ಉಳಿದು ಸ್ಮೆಕ್ಟೈಟ್ ಆದವು. ಹೆಚ್ಚಾದ ಸುಣ್ಣ ಮಣ್ಣಿನೊಳಗೆ ಬಿಳಿ ಹರಳುಗಳಾಗಿ ಕೂತಿತು. ಅಂದರೆ ಜೇಡಿ ಯಾವುದೆಂದು ತಿಳಿದರೆ ನೀರು ಅಲ್ಲಿ ಹೇಗೆ ಬದುಕಿತ್ತು ಎಂಬುದು ತಿಳಿಯುತ್ತದೆ. ಒಂದು ಜಿಲ್ಲೆಯೊಳಗೆ, ಬಸ್ಸಿನಲ್ಲಿ ಅರ್ಧ ದಿನಕ್ಕೆ ಹೋಗಿ ಬರುವಷ್ಟು ದೂರದಲ್ಲಿ, ಕಣ್ಣಿಗೆ ಕಾಣುವ ಪಾಠ ಇದು.

ಮಂಗಳದಲ್ಲಿ ಓದುತ್ತಿರುವುದೂ ಇದೇ ಪಾಠವನ್ನು. 2012ರ ಆಗಸ್ಟ್‌ನಲ್ಲಿ ಗೇಲ್ ಎಂಬ 154 ಕಿಲೋಮೀಟರ್ ಅಗಲದ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್, 2013ರ ಫೆಬ್ರುವರಿಯಲ್ಲಿ ಯೆಲ್ಲೋನೈಫ್ ಬೇ ಎಂಬ ತಗ್ಗಿನಲ್ಲಿ ಸುಮಾರು ಆರು ಸೆಂಟಿಮೀಟರ್ ಆಳದ ತೂತು ಕೊರೆಯಿತು. ಬಂದದ್ದು ಬೂದುಬಣ್ಣದ ಪುಡಿ, ಹಳೆಯ ಕೆರೆಯೊಂದರ ತಳದ ಕೆಸರು ಕಲ್ಲಾದದ್ದು. ಅದರಲ್ಲಿ ಸುಮಾರು ಶೇಕಡಾ 20ರಷ್ಟು ಜೇಡಿ, ಅದೂ ಸ್ಮೆಕ್ಟೈಟ್ ಗುಂಪಿನದೇ. ಆ ನೀರು ಹುಳಿಯೂ ಅಲ್ಲ, ಉಪ್ಪೂ ಅಲ್ಲ, ಕುಡಿಯಬಹುದಾಗಿತ್ತು ಎಂದು ಯೋಜನೆಯ ಅಂದಿನ ಮುಖ್ಯ ವಿಜ್ಞಾನಿ ಜಾನ್ ಗ್ರೋಟ್ಸಿಂಗರ್ ಆಗ ಹೇಳಿದ್ದರು. ಇನ್ನೊಂದು ಕಡೆ, ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರಿಗೆ ತಿಳಿಬಣ್ಣದ ಬಿಡಿಗಲ್ಲುಗಳು ಸಿಕ್ಕಿವೆ, ಅವುಗಳಲ್ಲಿರುವುದು ಕೆಯೊಲಿನೈಟ್. ಅಷ್ಟು ಕೆಯೊಲಿನೈಟ್ ಆಗಬೇಕಾದರೆ ದೀರ್ಘಕಾಲ ಮಳೆಯಲ್ಲಿ ತೊಳೆದಿರಬೇಕು ಎಂಬ ವಾದ ಬಲವಾಗಿದೆ. ಮಂಗಳಕ್ಕೂ ಒಂದು ಕುಂದಗೋಳ, ಒಂದು ಕಲಘಟಗಿ ಇದ್ದವು ಎಂದಾಯಿತು.

ರೋವರಿನ ಪರವಾಗಿ ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು, ಮತ್ತು ಜನಪ್ರಿಯ ಬರಹಗಳಲ್ಲಿ ಬಹಳ ಸಲ ಬಿಟ್ಟುಹೋಗುವಂಥದ್ದು, ಯೆಲ್ಲೋನೈಫ್ ಬೇಯಲ್ಲಿಯೇ ಇದೆ. ಆ ಕೆಸರುಗಲ್ಲಿನ ಧಾತುಗಳ ಲೆಕ್ಕ ತೆಗೆದರೆ (ಎಷ್ಟು ಸಿಲಿಕಾನ್, ಎಷ್ಟು ಕಬ್ಬಿಣ, ಎಷ್ಟು ಮೆಗ್ನೀಷಿಯಂ) ಅದು ಮಂಗಳದ ಸಾಮಾನ್ಯ ಬಸಾಲ್ಟ್ ಕಲ್ಲಿನ ಲೆಕ್ಕಕ್ಕೆ ಹೆಚ್ಚು ಕಡಿಮೆ ಹೊಂದುತ್ತದೆ. ನೀರು ಧಾತುಗಳನ್ನು ಹೊರಗೆ ಒಯ್ದಿರಲಿಲ್ಲ, ಇದ್ದಲ್ಲಿಯೇ ಹೊಸ ರೀತಿಯಲ್ಲಿ ಜೋಡಿಸಿತ್ತು. ಧಾತು ಎಣಿಸುವ ಉಪಕರಣವೊಂದೇ ಇದ್ದಿದ್ದರೆ ಅದನ್ನು ಸಾಧಾರಣ ಕಲ್ಲೆಂದು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಜೇಡಿಯನ್ನು ಹಿಡಿದದ್ದು ಕೆಮಿನ್ ಎಂಬ, ಕ್ಷ-ಕಿರಣ ವಿವರ್ತನೆಯಿಂದ ಹರಳಿನ ಒಳರಚನೆಯನ್ನು ನೋಡುವ ಪುಟ್ಟ ಪ್ರಯೋಗಾಲಯ. ಭೂಮಿಯ ಹೊರಗೆ ಈ ವಿಧಾನವನ್ನು ಬಳಸಿದ್ದು ಅದೇ ಮೊದಲು. ಕಲ್ಲನ್ನು ಕೊರೆದು, ಪುಡಿ ಮಾಡಿ, ಜರಡಿ ಹಿಡಿದು, ಯಂತ್ರದೊಳಗೆ ಸುರಿಯಬೇಕು. ಇದನ್ನು ಮುನ್ನೂರು ಕಿಲೋಮೀಟರ್ ಎತ್ತರದಿಂದ ಮಾಡಲಾಗದು.

ಎರಡನೆಯ ಸಾಕ್ಷಿ ಇನ್ನೂ ಸರಳ. 2021ರಲ್ಲಿ ಕ್ಯೂರಿಯಾಸಿಟಿ ಒಂದು ಬಂಡೆಯ ಮೇಲೆ ಕೆಲವೇ ಸೆಂಟಿಮೀಟರ್ ಅಗಲದ ಷಟ್ಕೋನದ ಬಿರುಕುಗಳ ಜಾಲವನ್ನು ಕಂಡಿತು. ಕೆಸರು ಮೊದಲ ಸಲ ಆರಿದಾಗ ಬಿರುಕುಗಳು ಒಂದಕ್ಕೊಂದು ಲಂಬವಾಗಿ ಬಂದು ಕೂಡುತ್ತವೆ. ನೆನೆಯುವುದು ಆರುವುದು ಮತ್ತೆ ಮತ್ತೆ ನಡೆದರೆ ಕೂಡುವ ಮೂಲೆಗಳು ನಿಧಾನವಾಗಿ ತಿದ್ದಿಕೊಂಡು ಮೂರು ಕವಲಾಗುತ್ತವೆ, ಷಟ್ಕೋನ ಮೂಡುತ್ತದೆ. ಹಾಗಾಗಿ ಆ ಬಂಡೆ ಹೇಳುವುದು ನೀರಿತ್ತು ಎಂದಷ್ಟೇ ಅಲ್ಲ, ನೀರು ಋತುಮಾನದಂತೆ ಬಂದು ಹೋಗುತ್ತಿತ್ತು ಎಂದು. 2023ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ವಿವರ ಬಂತು. ಕಕ್ಷೆಯಲ್ಲಿರುವ ಅತ್ಯುತ್ತಮ ಕ್ಯಾಮೆರಾಕ್ಕೆ 25–30 ಸೆಂಟಿಮೀಟರ್‌ಗಿಂತ ಸಣ್ಣದು ಕಾಣುವುದಿಲ್ಲ. ಖನಿಜ ಗುರುತಿಸುವ ಉಪಕರಣಕ್ಕಂತೂ ಒಂದು ಚುಕ್ಕೆ ಎಂದರೆ ಹದಿನೆಂಟು ಮೀಟರ್. ಏಪ್ರಿಲ್ ತಿಂಗಳ ಸಂಶಿಯ ಹೊಲ ಅದರ ಕಣ್ಣಿಗೆ ನುಣ್ಣಗೆ ಕಾಣುತ್ತದೆ.

ಹಾಗೆಂದು ಕಕ್ಷಾನೌಕೆಗಳ ಪಾಲನ್ನು ಸಣ್ಣದು ಮಾಡಿದರೆ ಅನ್ಯಾಯವಾಗುತ್ತದೆ. ರೋವರುಗಳು ಎಲ್ಲಿ ಇಳಿಯಬೇಕೆಂದು ಹೇಳಿದ್ದೇ ಅವು. 2004ರ ಜನವರಿಯಲ್ಲಿ ಆಪರ್ಚುನಿಟಿ ಮೆರಿಡಿಯಾನಿ ಬಯಲಿಗೆ ಇಳಿದದ್ದು, ಮಾರ್ಸ್ ಗ್ಲೋಬಲ್ ಸರ್ವೇಯರ್ ಅಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಖನಿಜವನ್ನು ಮೊದಲೇ ಗುರುತಿಸಿದ್ದರಿಂದ. ಗೇಲ್ ಮತ್ತು ಜೆಜೆರೊಗಳ ಜೇಡಿಯನ್ನೂ ಮೊದಲು ಕಂಡದ್ದು ಮೇಲಿನಿಂದಲೇ. ಮಂಗಳದ ಮೇಲೆಲ್ಲ ಎಲ್ಲೆಲ್ಲಿ ಜೇಡಿ, ಎಲ್ಲೆಲ್ಲಿ ಸಲ್ಫೇಟು ಎಂಬ ನಕ್ಷೆ ನಮ್ಮ ಕೈಗೆ ಬಂದದ್ದು ಐರೋಪ್ಯ ಮಾರ್ಸ್ ಎಕ್ಸ್‌ಪ್ರೆಸ್ ಮತ್ತು ನಾಸಾದ ರೆಕನೆಸಾನ್ಸ್ ಆರ್ಬಿಟರ್‌ಗಳಿಂದ. ಮೊದಲು ಜೇಡಿಯ ಯುಗ, ಆಮೇಲೆ ಗಂಧಕದ ಯುಗ, ಕೊನೆಗೆ ಒಣ ತುಕ್ಕಿನ ಯುಗ ಎಂಬ ಇಡೀ ಗ್ರಹದ ಕಥೆಯ ಚೌಕಟ್ಟನ್ನು ಕಟ್ಟಿದವು ಅವೇ. ಕ್ಯೂರಿಯಾಸಿಟಿ ಹನ್ನೆರಡು ವರ್ಷದಲ್ಲಿ ನಡೆದದ್ದು ಸುಮಾರು 32 ಕಿಲೋಮೀಟರ್, ಹೆಚ್ಚು ಕಡಿಮೆ ಸಂಶಿಯಿಂದ ಹುಬ್ಬಳ್ಳಿಗೆ ಹೋದಷ್ಟು. ನಮ್ಮ ಪ್ಯಾಸೆಂಜರ್ ಗಾಡಿಯನ್ನು ಬೈಯುವವರು ಇದನ್ನೊಮ್ಮೆ ನೆನೆಯಬಹುದು. ಅಷ್ಟು ದೂರದ ಒಂದು ಗೆರೆಯನ್ನು ನೋಡಿ ಇಡೀ ಗ್ರಹದ ಬಗ್ಗೆ ಎಷ್ಟು ಹೇಳಬಹುದು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ.

ಆದರೆ ಮೇಲಿನಿಂದ ನೋಡಿದವರು ಎಡವಿದ್ದೂ ಉಂಟು. ಮಂಗಳದ ಕಡಿದಾದ ಇಳಿಜಾರುಗಳಲ್ಲಿ ಬೇಸಿಗೆಗೆ ಮೂಡಿ ಚಳಿಗೆ ಮಾಸುವ ಕಪ್ಪು ಗೆರೆಗಳಿವೆ. ಅಲ್ಲಿ ಈಗಲೂ ಉಪ್ಪುನೀರು ಹರಿಯುತ್ತಿದೆ ಎಂದು 2015ರ ಸೆಪ್ಟೆಂಬರಿನಲ್ಲಿ ನಾಸಾ ದೊಡ್ಡದಾಗಿ ಸಾರಿತು. ಎರಡು ವರ್ಷ ಕಳೆದ ಮೇಲೆ ಅವೇ ಚಿತ್ರಗಳನ್ನು ಮತ್ತೆ ಅಳೆದವರು ಅದು ಒಣ ಮರಳಿನ ಜಾರು ಇರಬೇಕೆಂದರು. ತಮಾಷೆಯೆಂದರೆ ಇಲ್ಲಿ ರೋವರೂ ಸಹಾಯಕ್ಕೆ ಬರಲಾರದು: ಆ ಇಳಿಜಾರು ಹತ್ತುವ ಗಾಲಿ ಇಲ್ಲ, ನೀರಿರಬಹುದಾದ ಜಾಗಕ್ಕೆ ಭೂಮಿಯ ಸೂಕ್ಷ್ಮಜೀವಿ ಹೊತ್ತ ಯಂತ್ರ ಹೋಗಬಾರದೆಂಬ ಕಟ್ಟುಪಾಡು ಬೇರೆ. ನೀರು ಈಗಲೂ ಇದ್ದೀತು ಎಂಬ ಜಾಗವನ್ನು ಬಿಟ್ಟು, ಇದ್ದದ್ದು ಖಚಿತವಾಗಿರುವ ಸತ್ತ ಕೆರೆಗಳಿಗೇ ರೋವರುಗಳು ಹೋಗುತ್ತವೆ.

ಜೆಜೆರೊದ ಕಥೆ ಇದಕ್ಕೆ ಎದುರು ಸಾಕ್ಷಿ. 2021ರ ಫೆಬ್ರುವರಿ 18ರಂದು ಪರ್ಸಿವಿಯರೆನ್ಸ್ ಅಲ್ಲಿ ನೆಲ ಮುಟ್ಟಿತೆಂದು ನಿಯಂತ್ರಣ ಕೊಠಡಿಯಿಂದ ಘೋಷಿಸಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್. ಅಂದು ನಮ್ಮ ಕಡೆ ಆಕೆಯ ಹಣೆಯ ಬೊಟ್ಟಿನ ಬಗ್ಗೆ ಆದಷ್ಟು ಚರ್ಚೆ ಆ ಕುಳಿಯ ಕಲ್ಲಿನ ಬಗ್ಗೆ ಆಗಲಿಲ್ಲ, ಇರಲಿ. 45 ಕಿಲೋಮೀಟರ್ ಅಗಲದ ಆ ಕುಳಿಗೆ ಒಂದು ಹೊಳೆ ಬಂದು ಸೇರುತ್ತಿತ್ತು, ಅದು ಕಟ್ಟಿದ ಮುಖಜ ಭೂಮಿ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಕುಳಿಯ ತಳ ಮಾತ್ರ ವಿವಾದದ್ದು: ಕೆರೆಯ ಹೂಳು ಎಂದು ಕೆಲವರು, ಲಾವಾ ಎಂದು ಕೆಲವರು. ರೋವರ್ ಬಂಡೆಯ ಮೇಲಿನ ಧೂಳುಪದರವನ್ನು ಉಜ್ಜಿ ತೆಗೆದು ಒಳಗೆ ನೋಡಿತು. ಹೂಳಲ್ಲ, ಬೆಂಕಿಯಿಂದ ಹುಟ್ಟಿದ ಕಲ್ಲು. ಆಲಿವಿನ್ ಹರಳುಗಳು ಒತ್ತೊತ್ತಾಗಿ ಕೂತಿದ್ದವು. ಆ ಹರಳುಗಳ ಅಂಚಿನಲ್ಲಿ ಕಾರ್ಬೊನೇಟು, ಸಂದುಗಳಲ್ಲಿ ಉಪ್ಪು. ಬೆಂಕಿ ಮೊದಲು, ನೀರು ಆಮೇಲೆ ಎಂಬ ಸರದಿ ಅಲ್ಲಿ ಬರೆದಿತ್ತು. ನನ್ನ ಮಟ್ಟಿಗೆ ರೋವರಿನ ನಿಜವಾದ ಕಸುಬು ಇದು. ಮೇಲಿನಿಂದ ನೋಡಿದರೆ ಯಾವ ಖನಿಜ ಇದೆ ಎಂದು ತಿಳಿದೀತು, ಯಾವುದರ ಹಿಂದೆ ಯಾವುದು ಬಂತು ಎಂದು ತಿಳಿಯದು. ನೀರಿನ ಚರಿತ್ರೆಯೆಂದರೆ ಈ ಹಿಂದುಮುಂದೇ.

ಯೋಜನೆಯಲ್ಲಿಲ್ಲದೆ ಸಿಕ್ಕಿದ್ದನ್ನೂ ಈ ತಕ್ಕಡಿಗೆ ಹಾಕಬೇಕು. ಸ್ಪಿರಿಟ್ ರೋವರಿನ ಮುಂದಿನ ಒಂದು ಗಾಲಿ 2006ರಲ್ಲಿ ತಿರುಗುವುದನ್ನು ನಿಲ್ಲಿಸಿತು. ಅದನ್ನು ಎಳೆದುಕೊಂಡು ಹೋಗುವಾಗ ನೆಲದಲ್ಲಿ ಬಿದ್ದ ಗೀರಿನಲ್ಲಿ ಬಿಳಿ ಮಣ್ಣು ಹೊರಬಂತು. 2007ರಲ್ಲಿ ಪರೀಕ್ಷಿಸಿದರೆ ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಿಲಿಕಾ, ಬಿಸಿನೀರಿನ ಬುಗ್ಗೆಯ ಅಥವಾ ಉಗಿಯ ಗುರುತು. 2024ರ ಮೇ ತಿಂಗಳಲ್ಲಿ ಕ್ಯೂರಿಯಾಸಿಟಿ ಒಂದು ಕಲ್ಲಿನ ಮೇಲೆ ಹಾದಾಗ ಅದು ಒಡೆದು ಒಳಗೆ ಅಪ್ಪಟ ಗಂಧಕದ ಹಳದಿ ಹರಳುಗಳು ಕಂಡವು.

ಇನ್ನು ರೋವರಿನ ವಿರುದ್ಧದ ಮಾತುಗಳಲ್ಲಿ ಬಲವಾದದ್ದು ದುಡ್ಡಿನದಲ್ಲ, ನಿಧಾನದ್ದು ಮತ್ತು ಮಿತಿಯದ್ದು. ಭೂಮಿಯಿಂದ ಹೊರಟ ಒಂದು ಆದೇಶ ಮುಟ್ಟಲು ಸುಮಾರು 3ರಿಂದ 22 ನಿಮಿಷ ಬೇಕು. ದಿನದ ಕೆಲಸವನ್ನು ಮೊದಲೇ ಬರೆದು ಕಳಿಸಿ, ಮಾರನೆಯ ದಿನ ಫಲ ನೋಡಬೇಕು. ಸ್ಪಿರಿಟ್ ಮತ್ತು ಆಪರ್ಚುನಿಟಿಗಳ ಮುಖ್ಯ ವಿಜ್ಞಾನಿ ಸ್ಟೀವ್ ಸ್ಕ್ವೈರ್ಸ್ ಅವರೇ, ತಮ್ಮ ಯಂತ್ರ ಇಡೀ ದಿನ ಮಾಡುವುದನ್ನು ಅಲ್ಲಿ ನಿಂತ ಮನುಷ್ಯ ಒಂದು ನಿಮಿಷದೊಳಗೆ ಮಾಡಿಯಾನೆಂದು ಬರೆದಿದ್ದಾರೆ. ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಕಲ್ಲುಗಳ ಬಗ್ಗೆ 1876ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಿದರೆ, ಸುತ್ತಿಗೆ ಮತ್ತು ಕಣ್ಣು ಇದ್ದ ಒಬ್ಬ ಮನುಷ್ಯ ಏನೆಲ್ಲ ಮಾಡಬಲ್ಲ ಎಂಬುದು ಗೊತ್ತಾಗುತ್ತದೆ. ಯಂತ್ರ ಕೆಟ್ಟರೆ ರಿಪೇರಿ ಮಾಡುವವರಿಲ್ಲ. 2016ರ ಡಿಸೆಂಬರಿನಲ್ಲಿ ಕ್ಯೂರಿಯಾಸಿಟಿಯ ಡ್ರಿಲ್ ಮುಂದೆ ಸರಿಯದಾಯಿತು. ಹೊಸ ವಿಧಾನ ಕಂಡುಹಿಡಿದು ಮತ್ತೆ ಕಲ್ಲು ಕೊರೆಯುವಷ್ಟರಲ್ಲಿ 2018ರ ಮೇ ಬಂದಿತ್ತು. ಪರ್ಸಿವಿಯರೆನ್ಸ್ 2021ರ ಆಗಸ್ಟ್‌ನಲ್ಲಿ ಮೊದಲ ಮಾದರಿ ತೆಗೆಯಲು ಹೋದಾಗ ಕೊಳವೆ ಖಾಲಿ ಬಂತು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು. ಕಲ್ಲೇ ಪುಡಿಪುಡಿಯಾಗಿ ಉದುರಿಹೋಗಿತ್ತು.

ಇದಕ್ಕಿಂತ ಆಳದ ಮಿತಿ ಕಾಲದ ಲೆಕ್ಕದಲ್ಲಿದೆ. ಮಂಗಳದ ಮೇಲೆಯೇ ಕಲ್ಲಿನ ವಯಸ್ಸು ಅಳೆದ ಮೊದಲ ಪ್ರಯೋಗವೂ ಕ್ಯೂರಿಯಾಸಿಟಿಯದೇ, ಯೆಲ್ಲೋನೈಫ್ ಬೇಯದೇ ಕಲ್ಲು. ಬಂದ ಉತ್ತರ 421 ಕೋಟಿ ವರ್ಷ, ಹೆಚ್ಚು ಕಡಿಮೆ 35 ಕೋಟಿ. ಆ ‘ಹೆಚ್ಚು ಕಡಿಮೆ’ಯ ಎರಡು ತುದಿಗಳ ನಡುವೆ 70 ಕೋಟಿ ವರ್ಷ. ಭೂಮಿಯಲ್ಲಿ ಅಷ್ಟು ಅವಧಿಯಲ್ಲಿ ಪ್ರಾಣಿಗಳ ಇಡೀ ಇತಿಹಾಸವೇ ಮುಗಿಯುತ್ತದೆ. ಸಾಲದ್ದಕ್ಕೆ ಅದು ಕೆಸರಾಗಿ ಬರುವ ಮುಂಚಿನ ಕಣಗಳ ವಯಸ್ಸು. ಕೆರೆ ಯಾವಾಗ ತುಂಬಿತ್ತು ಎಂಬುದು ಅದರಿಂದ ನೇರವಾಗಿ ಸಿಗದು. ಒಳ್ಳೆಯ ಪ್ರಯೋಗಾಲಯದಲ್ಲಿ ಒಂದು ಹರಳನ್ನು ಹಿಡಿದು ಕೂತರೆ ಇದಕ್ಕಿಂತ ಎಷ್ಟೋ ಪಾಲು ನಿಖರವಾಗಿ ಹೇಳಬಹುದು.

ಉಲ್ಕಾಶಿಲೆಗಳ ಕಡೆಯವರು ಇದನ್ನೇ ಹಿಡಿಯುತ್ತಾರೆ. ಮಂಗಳದ ಕಲ್ಲು ನಮ್ಮಲ್ಲಿ ಇದ್ದೇ ಇದೆಯಲ್ಲ, ಪುಕ್ಕಟೆ ಬಂದದ್ದು! 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಬಿತ್ತು. ಆ ಜಾತಿಯ ಮಂಗಳ ಶಿಲೆಗಳಿಗೆಲ್ಲ ಇಂದಿಗೂ ಆ ಊರಿನದೇ ಹೆಸರು. 1911ರಲ್ಲಿ ಈಜಿಪ್ಟಿನ ನಖ್ಲಾದಲ್ಲಿ ಬಿದ್ದ ಕಲ್ಲಿನ ಬಿರುಕುಗಳಲ್ಲಿ ಮಂಗಳದ ನೀರು ಮಾಡಿದ ಜೇಡಿ ಇದೆ, ಅದನ್ನು ಜಗತ್ತಿನ ಅತಿ ಸೂಕ್ಷ್ಮ ಉಪಕರಣಗಳಲ್ಲಿ ಇಟ್ಟು ನೋಡಿದ್ದಾರೆ. ವಾದ ಚೆನ್ನಾಗಿದೆ, ಆದರೆ ಅರ್ಧ. ಕ್ಷುದ್ರಗ್ರಹ ಬಡಿದ ಹೊಡೆತಕ್ಕೆ ಗ್ರಹ ಬಿಟ್ಟು ಹಾರಿ ಬರುವಷ್ಟು ಗಟ್ಟಿ ಇರುವುದು ಬೆಂಕಿಯಿಂದ ಹುಟ್ಟಿದ ಕಲ್ಲುಗಳು. ಕೆರೆಯ ಕೆಸರುಗಲ್ಲು ಅಂಥ ಹೊಡೆತಕ್ಕೆ ಉಳಿಯುವುದು ಕಷ್ಟ. ಅಂದರೆ ನಮಗೆ ಬೇಕಾದದ್ದೇ ಬರುವುದಿಲ್ಲ. ಬಂದದ್ದರ ಊರೂ ಗೊತ್ತಿಲ್ಲ. ಯಾವ ಪದರದ ಮೇಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ತಿಳಿಯದ ಕಲ್ಲು ಹಿಂದುಮುಂದಿನ ಕಥೆ ಹೇಳಲಾರದು.

ಈಗ ಊರಿನ ಕಟ್ಟೆಯಿಂದ ಬರುವ ಆಕ್ಷೇಪಕ್ಕೆ ಬರೋಣ. ಅದನ್ನು ನಗೆಯಾಡಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. “ಅಲ್ರೀ, ಮಂಗಳದಾಗ ನೀರು ಸಿಹಿ ಇತ್ತೋ ಸವಳ ಇತ್ತೋ ಅಂತ ನೋಡಾಕ ಅಷ್ಟ್ ರೊಕ್ಕಾ ಸುರೀತಾರ. ನಮ್ಮ ಬೋರಿನ ನೀರು ಸವಳ ಐತಿ, ಅದನ್ನ ಯಾರ್ ನೋಡವರು?” ಎಂದು ಕೇಳುವವರು ಎಲ್ಲ ಎರೆಸೀಮೆಯ ಊರುಗಳಲ್ಲೂ ಇದ್ದಾರೆ. “ಕಾಕಾ, ಅದು ಅಮೆರಿಕಾದವರ ರೊಕ್ಕರೀ” ಎಂದರೆ ಬಾಯಿ ಮುಚ್ಚುವ ಪ್ರಶ್ನೆ ಇದಲ್ಲ. ಮಲಪ್ರಭೆಯ ಕಾಲುವೆ ನೀರು ಬಂದ ನವಲಗುಂದ, ನರಗುಂದದ ಎಷ್ಟೋ ಹೊಲಗಳು ಆ ನೀರಿನಿಂದಲೇ ಸವಳು-ಜವಳಾದವು. ಬಸಿಯದ ಎರೆಯಲ್ಲಿ ನೀರು ನಿಂತು, ಅಡಿಯ ನೀರಿನ ಮಟ್ಟ ಮೇಲೆ ಬಂದು, ಉಪ್ಪನ್ನು ಮೇಲಕ್ಕೆ ತಂದಿತು. 1980ರ ಜುಲೈ 21ರ ರೈತ ಬಂಡಾಯದ ಹಿಂದೆ ನೀರಿನ ಮೇಲಿನ ಅಭಿವೃದ್ಧಿ ಕರದ ಸಿಟ್ಟಿತ್ತೆಂದು ಎಲ್ಲರಿಗೂ ಗೊತ್ತು. ಬೆಳೆ ಬಾರದ ಭೂಮಿಗೂ ಕರ ಕೇಳಿದ್ದರಿಂದ ಆ ಸಿಟ್ಟು ಇನ್ನಷ್ಟು ಕುದಿಯಿತು. ನೀರು ಮಣ್ಣನ್ನು ಬದಲಿಸುವುದು ಈ ಜಿಲ್ಲೆಗೆ ಮುನ್ನೂರು ಕೋಟಿ ವರ್ಷ ಹಿಂದಿನ ಸುದ್ದಿಯಲ್ಲ, ಒಂದು ತಲೆಮಾರಿನ ಅನುಭವ.

ದುಡ್ಡಿನ ಮಾತನ್ನು ಮೊದಲು ಮುಗಿಸುವೆ, ಯಾಕೆಂದರೆ ಅದು ಕಾಣುವಷ್ಟು ಗಟ್ಟಿಯಿಲ್ಲ. ಪರ್ಸಿವಿಯರೆನ್ಸ್‌ನ ಒಟ್ಟು ಖರ್ಚು ಸುಮಾರು 270 ಕೋಟಿ ಡಾಲರ್, ಅಂದಿನ ದರದಲ್ಲಿ 20 ಸಾವಿರ ಕೋಟಿ ರೂಪಾಯಿಗೆ ಹತ್ತಿರ. ನಮ್ಮ ಮಂಗಳಯಾನಕ್ಕೆ ತಗುಲಿದ್ದು 450 ಕೋಟಿ. ಭಾರತದ ಬಾಹ್ಯಾಕಾಶ ಇಲಾಖೆಗೆ 2024-25ರಲ್ಲಿ ಇಟ್ಟ ಹಣ ಸುಮಾರು 13 ಸಾವಿರ ಕೋಟಿ, ಕೃಷಿ ಸಚಿವಾಲಯಕ್ಕೆ ಸುಮಾರು 1.3 ಲಕ್ಷ ಕೋಟಿ. ಮಂಗಳಕ್ಕೆ ಹೋಗುವುದನ್ನು ನಿಲ್ಲಿಸಿದ ಮಾತ್ರಕ್ಕೆ ನವಲಗುಂದದ ಬಸಿಗಾಲುವೆ ತೋಡಿ ಮುಗಿಯುವುದಿಲ್ಲ.

ಕಟ್ಟೆಯ ಪ್ರಶ್ನೆಯಲ್ಲಿ ನಿಜವಾಗಿ ಚುಚ್ಚುವುದು ಗಮನದ ಮಾತು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಬಾಬುಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಉಪಯುಕ್ತವೇ. ಆದರೆ ಆ ಹೊಲದ ಜೇಡಿ ಯಾವ ಜಾತಿಯದು, ಎಷ್ಟು ಉಬ್ಬುತ್ತದೆ, ಕಾಲುವೆ ನೀರು ಕೊಟ್ಟರೆ ಏನಾದೀತು ಎಂಬುದಕ್ಕೆ ಆ ಚೀಟಿಯಲ್ಲಿ ಜಾಗವಿಲ್ಲ. ಇಪ್ಪತ್ತೆರಡು ಕೋಟಿ ಕಿಲೋಮೀಟರ್ ದೂರದ ಒಂದು ಚಿಟಿಕೆ ಪುಡಿಯ ಹರಳಿನ ರಚನೆ ನಮಗೆ ಗೊತ್ತು, ನಮ್ಮ ಪಟ್ಟಾ ಜಮೀನಿನದು ನಮ್ಮ ಕೈಯಲ್ಲಿರುವ ಕಾಗದದಲ್ಲಿಲ್ಲ. ಈ ದೂರಿಗೆ ಉತ್ತರ ಕೊಡಬೇಕಾದವರು ನಾಸಾದವರಲ್ಲ ನಿಜ, ಆದರೂ ದೂರು ಸುಳ್ಳಾಗುವುದಿಲ್ಲ.

ಅಷ್ಟಾದರೂ ಇದೇ ಸವಳು ಭೂಮಿ ರೋವರಿನ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಉಪ್ಪು ಹೊಮ್ಮಿದ ನೆಲ ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ದೇಶದ ಸವಳು ಭೂಮಿಯ ನಕ್ಷೆಗಳನ್ನು ಹಾಗೆಯೇ ಮಾಡಿದ್ದಾರೆ. ಆದರೆ ಆ ಹೊಲದಲ್ಲಿ ಹೆಚ್ಚಾಗಿರುವುದು ಬರೀ ಲವಣವೋ, ಜೇಡಿಗೆ ಅಂಟಿಕೊಂಡ ಸೋಡಿಯಮ್ಮೋ ಎಂಬುದನ್ನು ಮಣ್ಣು ಅಗೆದು ಪರೀಕ್ಷಿಸದೆ ಹೇಳಲಾಗದು. ಲವಣವಾದರೆ ಬಸಿಗಾಲುವೆ ತೋಡಿ ಸಿಹಿನೀರಲ್ಲಿ ತೊಳೆಯಬೇಕು. ಸೋಡಿಯಂ ಆದರೆ ಮೊದಲು ಜಿಪ್ಸಂ ಹಾಕಬೇಕು, ಅದರ ಸುಣ್ಣ ಸೋಡಿಯಮ್ಮನ್ನು ಹೊರದಬ್ಬಿದ ಮೇಲೆ ತೊಳೆಯಬೇಕು. ಮೇಲಿನಿಂದ ನೋಡಿ ಜಿಪ್ಸಂ ಚೀಲ ಕೊಂಡವನು ರೊಕ್ಕ ಕಳಕೊಂಡಾನು. (ಅದೇ ಜಿಪ್ಸಮ್ಮಿನ ಬಿಳಿ ಎಳೆ ಮಂಗಳದ ಬಂಡೆಯೊಂದರಲ್ಲಿ 2011ರಲ್ಲಿ ಆಪರ್ಚುನಿಟಿಗೆ ಸಿಕ್ಕಿತು; ಬಿರುಕಿನಲ್ಲಿ ನೀರು ಹರಿದು ಬಿಟ್ಟುಹೋದದ್ದು.) ಬೆಳ್ಳಗೆ ಕಂಡದ್ದನ್ನು ಹೋಗಿ ಮುಟ್ಟಿ ನೋಡಬೇಕೆಂಬ ತತ್ವ ಎರಡೂ ಕಡೆ ಒಂದೇ. ಪರೀಕ್ಷೆಯ ಚೀಟಿ ಬಂದ ಮೇಲೂ ಹೊಲ ತಾನಾಗಿ ಸುಧಾರಿಸುವುದಿಲ್ಲ, ದೊಡ್ಡ ಖರ್ಚಿನ ಬಸಿಗಾಲುವೆ ಬಾಕಿ ಉಳಿಯುತ್ತದೆ. ಮಂಗಳದಲ್ಲಿ ಈಗ ಆಗಿರುವುದೂ ಅದೇ.

ಪರ್ಸಿವಿಯರೆನ್ಸ್ 2024ರ ಜುಲೈನಲ್ಲಿ ನೆರೆಟ್ವಾ ವ್ಯಾಲಿಸ್ ಎಂಬ ಒಣಹೊಳೆಯ ಪಾತ್ರದಲ್ಲಿ ಒಂದು ಕೆಸರುಗಲ್ಲು ಕಂಡಿತು. ಮೈಮೇಲೆ ಚಿರತೆಯದರಂಥ ಚುಕ್ಕೆ, ಚುಕ್ಕೆಯ ಅಂಚಿನಲ್ಲಿ ಕಬ್ಬಿಣ-ರಂಜಕದ ಮತ್ತು ಕಬ್ಬಿಣ-ಗಂಧಕದ ಖನಿಜಗಳಿರುವ ಸೂಚನೆ, ಜೊತೆಗೆ ಸಾವಯವ ಇಂಗಾಲ. ಭೂಮಿಯ ಕೆರೆಗಳ ಕೆಸರಿನಲ್ಲಿ ಇಂಥ ಜೋಡಿಯನ್ನು ಸೂಕ್ಷ್ಮಜೀವಿಗಳು ಮಾಡುತ್ತವೆ. ಜೀವವಿಲ್ಲದೆ ಬರೀ ರಸಾಯನಕ್ರಿಯೆಯಿಂದಲೂ ಆಗಬಹುದು. 2025ರ ಸೆಪ್ಟೆಂಬರಿನಲ್ಲಿ ಬಂದ ಪ್ರಬಂಧ ಇದನ್ನು ‘ಸಂಭಾವ್ಯ’ ಜೈವಿಕ ಕುರುಹು ಎಂದು ಕರೆದು ಅಲ್ಲಿಗೆ ನಿಂತಿತು. ನಿಲ್ಲಲೇಬೇಕಿತ್ತು, ರೋವರಿನ ಮೇಲಿನ ಉಪಕರಣಗಳಿಗೆ ಅದಕ್ಕಿಂತ ಮುಂದೆ ಹೋಗುವ ಶಕ್ತಿಯಿಲ್ಲ. ಮಾದರಿಯನ್ನು ಕೊಳವೆಯಲ್ಲಿ ತುಂಬಿ ಇಟ್ಟುಕೊಂಡಿದೆ. ಅದನ್ನು ಭೂಮಿಗೆ ತರುವ ಯೋಜನೆಗೆ 800ರಿಂದ 1,100 ಕೋಟಿ ಡಾಲರ್ ಬೇಕಾದೀತೆಂದು 2023ರಲ್ಲಿ ಸ್ವತಂತ್ರ ಸಮಿತಿಯೊಂದು ಹೇಳಿತು. ಹಾಗಾದರೆ ಕಲ್ಲು ಕೈಗೆ ಬರುವುದು 2040ರ ಹೊತ್ತಿಗೆ ಎಂದು ಗೊತ್ತಾಗಿ ನಾಸಾದವರೇ ಹಿಂಜರಿದರು. 2025ರ ಶ್ವೇತಭವನದ ಮುಂಗಡಪತ್ರ ಯೋಜನೆಯನ್ನೇ ಕೈಬಿಡುವ ಪ್ರಸ್ತಾವ ಇಟ್ಟಿತು. ಚೀನಾ ತನ್ನ ತಿಯಾನ್‌ವೆನ್-3ನ್ನು 2028ರ ಸುಮಾರಿಗೆ ಕಳಿಸಿ ಕಲ್ಲು ತರುವ ತಯಾರಿಯಲ್ಲಿದೆ.

ರೋವರಿನ ಪರ ಇರುವವರು ಇಲ್ಲಿ ಪ್ರಾಮಾಣಿಕರಾಗಿ ಮಾತಾಡಬೇಕು. ‘ರೋವರ್ ಸಾಕು, ಕಲ್ಲು ತರುವುದು ಬೇಡ’ ಎಂಬ ನಡುದಾರಿ ನೀರಿನ ಪ್ರಶ್ನೆಗೆ ಸರಿ. ನೀರು ಹೇಗಿತ್ತು, ಕಲ್ಲನ್ನು ಹೇಗೆ ಬದಲಿಸಿತು ಎಂಬುದಕ್ಕೆ ಗಾಲಿ, ಡ್ರಿಲ್ ಮತ್ತು ಕ್ಷ-ಕಿರಣ ಬಹುಮಟ್ಟಿಗೆ ಉತ್ತರ ಕೊಟ್ಟಿವೆ, ಕೊಟ್ಟ ದುಡ್ಡಿಗೆ ನ್ಯಾಯ ಸಂದಿದೆ. ಆದರೆ ಪ್ರತಿ ಸಲ ಹಣ ಕೇಳುವಾಗ ‘ಜೀವ’ ಎಂಬ ಮಾತನ್ನು ಮುಂದಿಟ್ಟು, ಆ ಮಾತಿಗೆ ಉತ್ತರ ಕೊಡಲಾರದ ಯಂತ್ರವನ್ನು ಕಳಿಸುವುದು ಸರಿಯಲ್ಲ. 2028ಕ್ಕೆ ಹೊರಡಬೇಕಾಗಿರುವ ಐರೋಪ್ಯ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್ ಎರಡು ಮೀಟರ್ ಆಳಕ್ಕೆ ಕೊರೆಯಬಲ್ಲದು. ವಿಕಿರಣ ತಗುಲದ ಕಲ್ಲು ಸಿಕ್ಕೀತು, ಪ್ರಶ್ನೆ ಇನ್ನಷ್ಟು ಹರಿತವಾದೀತು. ತೀರ್ಮಾನ ಅಲ್ಲಿಯೂ ಆಗುವುದು ಅನುಮಾನ.

ನಮ್ಮ ದೇಶದ ಮಟ್ಟಿಗೆ ತಕ್ಕಡಿ ಇನ್ನೊಂದು ಬಗೆಯಲ್ಲಿ ವಾಲುತ್ತದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ 26 ಕಿಲೋ ತೂಕದ ಪ್ರಜ್ಞಾನ್ ರೋವರ್ ಸುಮಾರು ನೂರು ಮೀಟರ್ ನಡೆದು, ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ ಮಾಡಿಕೊಟ್ಟ ಲೇಸರ್ ಉಪಕರಣದಿಂದಲೂ ಅಹಮದಾಬಾದಿನಲ್ಲಿ ತಯಾರಾದ ಇನ್ನೊಂದರಿಂದಲೂ ಗಂಧಕವನ್ನು ಗುರುತಿಸಿತು. ಎರಡೂ ಧಾತು ಎಣಿಸುವ ಉಪಕರಣಗಳು. ಚಂದ್ರನಿಗೆ ಅದು ಸಾಕಿತ್ತು. ನೀರು ಬದಲಿಸಿದ ಕಲ್ಲಿಗೆ ಸಾಲದು, ಯೆಲ್ಲೋನೈಫ್ ಬೇ ಅದನ್ನೇ ಕಲಿಸಿದ್ದು. ಇತ್ತ ಕಚ್ಛಿನ ಮಾತಾನೊಮಢದಲ್ಲಿ, ಬಸಾಲ್ಟ್ ನೆಲದಲ್ಲಿ, ಆಪರ್ಚುನಿಟಿಗೆ ಮಂಗಳದಲ್ಲಿ ಸಿಕ್ಕ ಜಾರೊಸೈಟ್ ಖನಿಜವನ್ನು ನಮ್ಮ ವಿಜ್ಞಾನಿಗಳು ಕಂಡು 2016ರಲ್ಲಿ ಬರೆದರು. ಹುಳಿನೀರಲ್ಲಿ ಹುಟ್ಟುವ ಆ ಖನಿಜ ಹೇಗೆ ಆಗುತ್ತದೆಂಬುದನ್ನು ಬಸ್ ಚಾರ್ಜಿನಲ್ಲಿ ಹೋಗಿ ನೋಡಬಹುದು. ಧಾರವಾಡದ ಎರೆ-ಮಸಾರಿಯ ಗಡಿಯೂ ಅಂಥದೇ ಒಂದು ಜಾಗ. ಆ ಗಡಿಯನ್ನು ಪದರ ಪದರವಾಗಿ ಕ್ಷ-ಕಿರಣದಲ್ಲಿ ಓದಿದ ಕೆಲಸ ಮಂಗಳಕ್ಕೂ ಬಂದೀತು, ಮಣ್ಣು ಚೀಟಿಗೆ ಹದಿಮೂರನೆಯ ಬಾಬಾಗಿಯೂ ಬಂದೀತು.

ಇಸ್ರೋ ಮಂಗಳದ ಮೇಲೆ ಇಳಿಯುವ ಮಾತಾಡುತ್ತಿದೆ. ಗಾಲಿಯ ಬಂಡಿ ಹೋಗುವುದಾದರೆ ನಾನು ಬೇಡವೆನ್ನುವುದಿಲ್ಲ, ಒಂದು ಷರತ್ತಿನ ಮೇಲೆ: ಅದರ ಹೊಟ್ಟೆಯಲ್ಲಿ ಹರಳಿನ ರಚನೆ ನೋಡುವ ಉಪಕರಣ ಇರಬೇಕು, ಕಲ್ಲು ಕೊರೆಯುವ ಡ್ರಿಲ್ ಇರಬೇಕು. ಇವೆರಡನ್ನೂ ಹೊರುವ ತಾಕತ್ತು ಬರುವವರೆಗೆ ಒಂದು ಒಳ್ಳೆಯ ಖನಿಜ ಕ್ಯಾಮೆರಾ ಇಟ್ಟ ಕಕ್ಷಾನೌಕೆಯನ್ನೇ ಮತ್ತೆ ಕಳಿಸಿದರೆ ಹೆಚ್ಚು ಕಲಿಯುತ್ತೇವೆ, ಕಡಿಮೆ ದುಡ್ಡಿನಲ್ಲಿ. ಮಂಗಳಯಾನ ಆರು ತಿಂಗಳಿಗೆಂದು ಹೋಗಿ ಸುಮಾರು ಎಂಟು ವರ್ಷ ದುಡಿದಿತ್ತು, ಬರೀ 15 ಕಿಲೋ ಉಪಕರಣ ಹೊತ್ತು.